ತೊಂಬತ್ತೆರಡು ದಿನದ ಸಾಲು

ಜುಲೈ ೮, ಸೋಮವಾರ. ಸಂಜೆ ೪.೩೦, ಕೊಚ್ಚಿ ಆಫೀಸು

ಡೆಸ್ಪ್ಯಾಚ್‌ನ ಮೇರಿಗೆ ಒಂಬತ್ತು ಪತ್ರ ಬಂದವು. ಒಂಬತ್ತೂ ಒಂದೇ. ಹೆಸರು ತುಂಬಿ ಪತ್ರ ಹೊಡೆಯುವ ಮರ್ಜ್ ಮತ್ತೆ ಕೈಕೊಟ್ಟಿತು.

ಕಂಪ್ಯೂಟರಿನ ಸಿಬ್ಬಂದಿ ಟೇಬಲ್ಲಿನಲ್ಲಿ ಮೇರಿ ಒಬ್ಬಳೇ. ಸೇವೆ ಟೇಬಲ್ಲಿನಲ್ಲಿ ಅವಳ ನಂಬರಿಗೆ ಒಂಬತ್ತು ಸಾಲು — ಕಾಂಟ್ರ್ಯಾಕ್ಟ್ ಹೊಸದಾದಾಗಲೆಲ್ಲ ಒಂದೊಂದು. ಎರಡನ್ನೂ ಜೋಡಿಸಿ ವರ್ಡ್‌ಗೆ ಕೊಟ್ಟರೆ ಅದು ಸಾಲಿಗೊಂದು ಪತ್ರ ಹೊಡೆಯುತ್ತದೆ. ಒಂಬತ್ತು ಸಾಲಿನ ಹಿಂದೆ ಇರುವುದು ಒಬ್ಬಳೇ ಹೆಂಗಸು ಎಂದು ಅದಕ್ಕೇನು ಗೊತ್ತು. ೨೧೪ ಜನಕ್ಕೆ ೧೬೩೮ ಪತ್ರ.

ಕೃಷ್ಣಾನಂದ ಸರ್ ಬಂದು ನೋಡಿದರು. ನಮ್ಮ ಸೆಕ್ಷನ್ ಆಫೀಸರ್, ಕಾಸರಗೋಡಿನವರು. ಈ ಕಟ್ಟಡದಲ್ಲಿ ನನ್ನ ಜೊತೆ ಕನ್ನಡ ಆಡುವವರು ಅವರೊಬ್ಬರೇ.

"ಎಂತ ಮಾರಾಯ್ರೆ, ಇಡೀ ಕಾಕ್ಕನಾಡಿಗೆ ಹಂಚ್ಲಿಕ್ಕೆ ಉಂಟಾ ಇದು?"

ನಕ್ಕೆ. ನಗದೆ ಏನು ಮಾಡಲಿ. ಈ ಪತ್ರಗಳು ನಮ್ಮದೇ — ಹತ್ತು ವರ್ಷ ದಾಟಿದ ಕಾಂಟ್ರ್ಯಾಕ್ಟಿನವರದು. ಅದರಲ್ಲಿ ಎಲ್ಲೂ ಬ್ರೇಕ್ ಇಲ್ಲದೆ ದುಡಿದವರು ಖಾಯಂ. ನನಗೆ ಹನ್ನೊಂದಾಯಿತು.

ಜುಲೈ ೯, ಮಂಗಳವಾರ

ಸರಿಯಾಯಿತು. ಮೊದಲು ಟೇಬಲ್ಲಿನಿಂದ ಸಾಲು ಹೆಕ್ಕುವ ಕ್ವೆರಿಯಲ್ಲೇ ಒಬ್ಬೊಬ್ಬರ ಸಾಲುಗಳನ್ನೆಲ್ಲ ಸೇರಿಸಿ ಒಂದು ಮಾಡಿದೆ — ಮೊದಲ ದಿನ, ಕೊನೆಯ ದಿನ, ನಡುವೆ ಬ್ರೇಕ್ ಇದೆಯೋ ಇಲ್ಲವೋ. ಆಮೇಲೆ ವರ್ಡ್. ಈಗ ಒಬ್ಬರಿಗೆ ಒಂದೇ ಪತ್ರ. ಬ್ರೇಕ್ ಇಲ್ಲದವರಿಗೆ ಪ್ಯಾರಾ ಎ, ಇದ್ದವರಿಗೆ ಪ್ಯಾರಾ ಬಿ. ಆಯ್ಕೆ ವರ್ಡೇ ಮಾಡುವ ಹಾಗೆ ಇಫ್ ಹಾಕಿದ್ದೇನೆ. ಪ್ಯಾರಾ ಬಿಯಲ್ಲಿ ಏನಿರಬೇಕು ಎಂದು ತಿರುವನಂತಪುರದ ಹೆಡ್ ಆಫೀಸಿನಿಂದ ಇನ್ನೂ ಬಂದಿಲ್ಲ. ಸದ್ಯಕ್ಕೆ "xxxx".

ಯಾರೂ ಶಹಬ್ಬಾಸ್ ಅನ್ನಲಿಲ್ಲ. ನಾನೇ ಅಂದುಕೊಂಡು ಕ್ಯಾಂಟೀನಿನಲ್ಲಿ ಒಂದು ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ತಿಂದೆ.

ಅದೇ ದಿನ, ೫.೧೫

ನನ್ನ ಪತ್ರ ತೆಗೆದು ನೋಡಿದೆ. ಆಸೆ. ೧೪೧ನೆಯದು.

xxxx.

ಜುಲೈ ೧೧, ಗುರುವಾರ

ಕ್ವೆರಿಯದು ತಪ್ಪಲ್ಲ. ನನ್ನದೇ ಸಾಲಿಲ್ಲ.

೨೦೨೧ರ ಆಗಸ್ಟ್ ಒಂದರಿಂದ ಅಕ್ಟೋಬರ್ ಮೂವತ್ತೊಂದು. ತೊಂಬತ್ತೆರಡು ದಿನ. ಹೆಡ್ ಆಫೀಸಿನ ಹಳೇ ಫೈಲುಗಳನ್ನು ಕಂಪ್ಯೂಟರಿಗೆ ಹಾಕಲು ಜನ ಬೇಕೆಂದು ನನ್ನನ್ನೂ ನಮ್ಮ ಸೆಕ್ಷನ್ನಿನಲ್ಲೇ ನನ್ನ ಹಾಗೆ ಕಾಂಟ್ರ್ಯಾಕ್ಟಿನಲ್ಲಿರುವ ಅಜಿತ್‌ನನ್ನೂ ಕಳಿಸಿದ್ದರು. ಕಳಿಸಿದವರು ಇದೇ ಕೃಷ್ಣಾನಂದ ಸರ್, ಫೋನಿನಲ್ಲಿ. "ನಾಳೆಯೇ ಹೊರಡಿ, ಆರ್ಡರ್ ಹಿಂದಿನಿಂದ ಬರ್ತದೆ." ಆರ್ಡರ್ ಇವತ್ತಿಗೂ ಹಿಂದೆಯೇ ಇದೆ. ನಾವು ಹೊರಟ ದಿನ ಕೊಚ್ಚಿಯವರು ನಮ್ಮ ಸಾಲು ಮುಗಿಸಿದರು, ವಾಪಸು ಬಂದ ದಿನ ಹೊಸದು ತೆರೆದರು. ನಡುವಿನದನ್ನು ತಿರುವನಂತಪುರ ಹಾಕುತ್ತದೆ ಎಂದು ಇವರು, ಕೊಚ್ಚಿ ಹಾಕುತ್ತದೆ ಎಂದು ಅವರು. ಎರಡು ಆಫೀಸಿನ ಮರ್ಯಾದೆಯಲ್ಲಿ ನಾನು ಮೂರು ತಿಂಗಳು ಎಲ್ಲೂ ಇರಲಿಲ್ಲ.

ಟೇಬಲ್ಲು ತೆರೆದೇ ಇತ್ತು. ಒಂದು ಸಾಲು. ಟೈಪ್ ಮಾಡಲು ಅರ್ಧ ನಿಮಿಷ. ಅದೂ ಸುಳ್ಳಲ್ಲ, ನಿಜ.

ಮುಚ್ಚಿದೆ. ನಾಳೆ ಸರ್‌ಗೆ ಬರೆದು ಕೊಟ್ಟು ಅನುಮತಿ ಕೇಳುತ್ತೇನೆ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ.

ಜುಲೈ ೧೨, ಶುಕ್ರವಾರ

ಅರ್ಜಿ ಕೊಟ್ಟೆ. ಓದಿ ಕನ್ನಡಕ ತೆಗೆದಿಟ್ಟರು.

"ಲಿಖಿತದಲ್ಲಿ ಯಾಕೆ ಕೊಟ್ರಿ? ಈಗ ನಾನು ಇದನ್ನು ಫೈಲಿಗೆ ಹಾಕ್ಬೇಕಾಗ್ತದೆ."

"ನೀವೇ ಕಳಿಸಿದ್ದಲ್ವಾ ಸರ್? ಒಂದು ಸಾಲು ಬರ್ಕೊಡಿ, ಸಾಕು."

"ನೆನಪಿನ ಮೇಲೆ ಬರೀಲಿಕ್ಕೆ ಆಗ್ತದಾ? ನನಗೆ ಸೆಪ್ಟೆಂಬರಿಗೆ ರಿಟೈರ್ಮೆಂಟು. ನಾಳೆ ಯಾರಾದ್ರೂ ಕೇಳಿದ್ರೆ? ಎಂತಾದ್ರೂ ಕಾಗದ ಉಂಟಾ ನಿಮ್ಮತ್ರ?"

ಬ್ಯಾಂಕ್ ಪಾಸ್‌ಬುಕ್ ತೋರಿಸಿದೆ. ಅದರಲ್ಲಿರುವುದು ನಮಗೆ ಸಂಬಳ ಹಾಕುವ ಏಜೆನ್ಸಿ ಹೆಸರು, ಯಾವ ಆಫೀಸು ಎಂದು ಇಲ್ಲವಂತೆ. ಅಲ್ಲಿಯ ಹಾಜರಿ ಪುಸ್ತಕ ತಂದರೆ ನೋಡೋಣ ಎಂದರು. ಹನ್ನೊಂದು ವರ್ಷ ನನ್ನ ಚಿತ್ರಾನ್ನ ತಿಂದ ಮನುಷ್ಯ.

ಅಜಿತ್‌ಗೆ ಹೇಳಿದೆ, ನಿನ್ನದೂ ಹಾಗೇ ಆಗಿರುತ್ತದೆ, ಬಾ, ಇಬ್ಬರೂ ಸೇರಿ ಕೇಳೋಣ ಎಂದು. "ನೋಡೋಣ ಚೇಚಿ" ಎಂದ. ಅವನಿಗೆ ನಾನು ಚೇಚಿ, ಅಕ್ಕ. ಪಾಪ, ಚಿಕ್ಕವನು, ಹೆದರಿದ್ದಾನೆ ಅನ್ನಿಸಿತು.

ಜುಲೈ ೧೫, ಸೋಮವಾರ. ತಿರುವನಂತಪುರ

ಬೆಳಗಿನ ರೈಲಿಗೆ ಬಂದೆ. ಮಗಳು ದಿಶಾ ತ್ರಿಪ್ಪುಣಿತ್ತುರದ ಮನೆಯಲ್ಲಿ ತಾನೇ ಡಬ್ಬಿ ಕಟ್ಟಿಕೊಂಡು ಶಾಲೆಗೆ ಹೋಗಿದ್ದಾಳೆ.

ರೆಕಾರ್ಡಿನ ವಿನ್ಸೆಂಟ್ ಸರ್‌ಗೆ ನನ್ನ ಗುರುತು ಸಿಕ್ಕಿತು. ಚಹಾ ತರಿಸಿದರು. ಆ ಮೂರು ತಿಂಗಳು ನಾನು ಕೂತಿದ್ದ ಕಿಟಕಿಯನ್ನೂ ತೋರಿಸಿದರು. ಆದರೆ ಪುಸ್ತಕ ಇಲ್ಲ. ಹೋದ ವರ್ಷ ಕಟ್ಟಡ ಬದಲಿಸುವಾಗ ಹಳೇ ರಿಜಿಸ್ಟರುಗಳನ್ನೆಲ್ಲ ಚಾಲೈ ಪೇಟೆಯ ರದ್ದಿ ವ್ಯಾಪಾರಿಗೆ ಕೊಟ್ಟರಂತೆ. ಹಾಗಾದರೆ ನನ್ನನ್ನು ಕಂಡಿದ್ದೇನೆ ಎಂದು ನೀವೇ ಬರೆದುಕೊಡಿ ಎಂದೆ. ಚಹಾ ಇನ್ನೊಂದು ಬೇಕೇ ಎಂದು ಕೇಳಿದರು.

ಚಾಲೈಗೆ ಹೋದೆ. ಬುದ್ಧಿ ಇದ್ದವರು ಹೋಗುವುದಿಲ್ಲ. ರದ್ದಿ ಅಂಗಡಿಯವನು ನಕ್ಕ — ಒಂದು ವರ್ಷದ ಹಿಂದಿನ ಕಾಗದ ಯಾರಾದರೂ ಇಟ್ಟಿರುತ್ತಾರೆಯೇ? ಪಕ್ಕದ ಅಂಗಡಿಯಲ್ಲಿ ಬಾಳೆಕಾಯಿ ಉಪ್ಪೇರಿ, ಅದೇ ಚಿಪ್ಸ್, ಕೊಂಡೆ. ಗೆರೆ ಹಾಕಿದ ಕಾಗದದಲ್ಲಿ ಕಟ್ಟಿಕೊಟ್ಟ. ಬೀದಿಯಲ್ಲೇ ನಿಂತು ಬಿಡಿಸಿ ನೋಡಿದೆ. ಯಾವುದೋ ಮಗುವಿನ ಭೂಗೋಳದ ನೋಟ್ಸು. ಆಗ ಅಳು ಬಂತು.

ಜುಲೈ ೧೯, ಶುಕ್ರವಾರ

ನಮ್ಮ ಯಜಮಾನರ ಫೋನು, ಮೈಸೂರಿನಿಂದ. ಬ್ಯಾಂಕಿನವರು ಇವರನ್ನು ಅಲ್ಲಿಗೆ ವರ್ಗ ಮಾಡಿ ಎರಡು ವರ್ಷವಾಯಿತು. ಖಾಯಂ ಆಗಲಿ ಎಂದು ನಾನು ಇಲ್ಲೇ ಉಳಿದೆ.

"ಕೆಲ್ಸ ಹೋದ್ರೆ ಹೋಗ್ಲಿ ಬಿಡು. ಬಂದ್ಬಿಡು. ನಿನ್ನನ್ನ ಯಾರು ದುಡೀ ಅಂದ್ರು?"

ಪ್ರೀತಿಯಿಂದಲೇ ಹೇಳಿದರು. ಕಪಾಳಕ್ಕೆ ಹೊಡೆದಿದ್ದರೂ ವಾಸಿಯಿತ್ತು. ನಲವತ್ತಾರು ವರ್ಷಕ್ಕೆ ನನ್ನ ಹೆಸರಲ್ಲಿ ಇರುವುದು ಇದೊಂದೇ. ದಿಶಾಗೆ ಕನ್ನಡದಲ್ಲಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸಾರಮಿಲ್ಲ ಅಮ್ಮೇ" ಎಂದಳು. ಪರವಾಗಿಲ್ಲವಂತೆ. ಎಲ್ಲರಿಗೂ ಪರವಾಗಿಲ್ಲ.

ಜುಲೈ ೨೫, ಗುರುವಾರ. ಮಧ್ಯಾಹ್ನ

ಪ್ಯಾರಾ ಬಿ ಬಂತು. "ತಮ್ಮ ಸೇವೆಯಲ್ಲಿ ಬ್ರೇಕ್ ಇರುವುದು ದಾಖಲೆಗಳಿಂದ ಕಂಡುಬಂದಿರುವುದರಿಂದ, ಇದೇ ತಿಂಗಳ ೩೧ರ ನಂತರ ತಮ್ಮ ಸೇವೆಯ ಅಗತ್ಯವಿರುವುದಿಲ್ಲ." ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿದೆ.

xxxx ಅಳಿಸಿ ಅದನ್ನು ಹಾಕಿದೆ. ಕಾಮಾ ಒಂದು ಬಿಟ್ಟುಹೋಗಿತ್ತು, ಸರಿಮಾಡಿದೆ. ಏಕೆ ಸರಿಮಾಡಿದೆನೋ.

ಪ್ಯಾರಾ ಬಿ ಆರು ಜನಕ್ಕೆ. ಏಳಾಗಬೇಕಿತ್ತು. ಅಜಿತ್ ಇಲ್ಲ.

ಅಜಿತ್‌ಗೆ ಪ್ಯಾರಾ ಎ. ಸೇವೆ ಟೇಬಲ್ಲಿನಲ್ಲಿ ಅವನ ಹೆಸರಿಗೆ ತೊಂಬತ್ತೆರಡು ದಿನದ ಸಾಲು ಇದೆ. ಸೇರಿಸಿದ್ದು ಅವನದೇ ಲಾಗಿನ್. ತಾರೀಖು ಜುಲೈ ೧೨. ನಾನು ಅರ್ಜಿ ಹಿಡಿದು ಸರ್ ಎದುರು ನಿಂತ ದಿನ.

ಅದೇ ದಿನ, ೪.೦೦

ಅಜಿತ್‌ನನ್ನು ಕೇಳಿದೆ. ತಲೆ ತಗ್ಗಿಸಿದ. ಮಲಯಾಳದಲ್ಲಿ ಅವನು ಹೇಳಿದ್ದು ಇಷ್ಟು: "ಚೇಚಿ ಮೇಲಿನವರನ್ನು ಕೇಳಿಬಿಟ್ಟಿದ್ದಿರಿ. ಆಮೇಲೆ ನಾನೂ ಬಾಯಿಬಿಟ್ಟರೆ ನನ್ನದೂ ಹೋಗುತ್ತಿತ್ತು."

ಸರ್ ಹತ್ತಿರ ಹೋದೆ. ಅವನ ಹೆಸರು ಎತ್ತಲಿಲ್ಲ. ಹಾಗೆ ಸಾಲು ಸೇರಿಸಿದರೆ ನೀವು ಸಹಿ ಹಾಕುತ್ತೀರಾ ಎಂದಷ್ಟೇ ಕೇಳಿದೆ.

"ಸಿಸ್ಟಮಿನಲ್ಲಿ ಇದ್ದದ್ದಕ್ಕೆ ನಾನು ಸಹಿ ಹಾಕ್ತೇನೆ, ಊರ್ಮಿಳಾ. ಕೂತು ಒಂದೊಂದೇ ನೋಡ್ತೇನಾ? ನೀವು ಕೇಳ್ಳಿಕ್ಕೆ ಬಂದ್ರಿ. ಕೇಳಿದ ಮೇಲೆ ನಾನು ಎಂತ ಹೇಳ್ಬೇಕು? ನಿಮ್ಮ ಅರ್ಜಿ ತಿರುವನಂತಪುರಕ್ಕೆ ಹೋಗಿ ಆಯ್ತು. ಈಗ ಸೇರಿಸಿದ್ರೆ ಅದು ಫೋರ್ಜರಿ."

ಅಂದರೆ ಹನ್ನೆರಡನೇ ತಾರೀಖು ಬೆಳಿಗ್ಗೆಯವರೆಗೆ ಅದು ಫೋರ್ಜರಿ ಆಗಿರಲಿಲ್ಲ. ನಾನು ಕೇಳಿದ್ದರಿಂದ ಆಯಿತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ, ಅದೂ ರುಜು ಮಾಡಿ, ತಾರೀಖು ಬರೆದು.

ಜುಲೈ ೨೬, ಶುಕ್ರವಾರ

ಪ್ರಿಂಟ್ ಕೊಟ್ಟೆ. ೨೧೪. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಹೆಡ್ ಆಫೀಸಿನಿಂದ ಫೋನು — ಇಷ್ಟು ಅಚ್ಚುಕಟ್ಟಾದ ಮರ್ಜ್ ಈವರೆಗೆ ಆಗಿರಲಿಲ್ಲವಂತೆ. ಅಭಿನಂದನೆ ಕೃಷ್ಣಾನಂದ ಸರ್‌ಗೆ.

ಮೇರಿಗೆ ಪ್ಯಾರಾ ಎ. ಓಡಿ ಬಂದು ತಬ್ಬಿಕೊಂಡಳು, ನನಗೆ ಏನು ಬಂದಿದೆ ಎಂದು ಕೇಳದೆ. ಖುಷಿಯಾಯಿತು. ನಿಜವಾಗಿ. ಆಮೇಲೆ ಬಾತ್‌ರೂಮಿನಲ್ಲಿ ಬಹಳ ಹೊತ್ತು ಕೈ ತೊಳೆದೆ.

ಅಜಿತ್‌ನ ವಿಷಯ ಒಂದು ಮೇಲ್ ಸಾಕು. ಲಾಗಿನ್ನೂ ತಾರೀಖೂ ಅಲ್ಲೇ ಇದೆ. ಆದರೆ ಅವನು ಸೇರಿಸಿದ ಸಾಲು ನಿಜ. ಅವನು ಅಲ್ಲಿದ್ದ. ಅವನ ಪಕ್ಕದ ಕುರ್ಚಿಯಲ್ಲಿ ನಾನೇ ಇದ್ದೆ. ಅದನ್ನು ಸುಳ್ಳು ಎಂದು ಬರೆದರೆ ನಾನು ಅಲ್ಲಿದ್ದದ್ದೂ ಸುಳ್ಳು. ಮೇಲ್ ಎರಡು ಸಲ ಬರೆದು ಅಳಿಸಿದೆ. ಒಳ್ಳೆಯತನ ಅಲ್ಲ ಇದು. ಹೊಟ್ಟೆಯುರಿಗೂ ದಾರಿ ಇಲ್ಲ, ಅಷ್ಟೇ.

ಜುಲೈ ೩೧, ಬುಧವಾರ. ೩.೧೦

ಕೊನೆಯ ದಿನ. ಕೇಕ್ ತರಲಿಲ್ಲ, ಪುಣ್ಯ.

ಸರ್ ಕರೆದರು. ಜನವರಿಯಲ್ಲಿ ಮತ್ತೆ ಪತ್ರ ಹೋಗಬೇಕಂತೆ, ಇನ್ನು ಮೇಲೆ ಮರ್ಜ್ ಅಜಿತ್ ಮಾಡುತ್ತಾನಂತೆ.

"ಹೋಗುವ ಮೊದಲು ಸ್ಟೆಪ್ಸ್ ಒಮ್ಮೆ ಬರೆದಿಡಿ, ಆಯ್ತಾ? ನಿಮ್ಮಷ್ಟು ಚೆಂದ ಅವನಿಗೆ ಬರುದಿಲ್ಲ."

ಆಯ್ತು ಸರ್ ಎಂದೆ. ಈಗಲೂ ಆಯ್ತು ಸರ್. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಟೈಪ್.

೧. ಎರಡೂ ಟೇಬಲ್ಲನ್ನು ಸಿಬ್ಬಂದಿ ನಂಬರಿನಿಂದ ಜೋಡಿಸುವುದು. ಹೆಸರಿನಿಂದ ಬೇಡ.

೨. ನೇರ ವರ್ಡ್‌ಗೆ ಕೊಡಬಾರದು. ಕ್ವೆರಿಯಲ್ಲಿ ಮೊದಲು ಒಬ್ಬರಿಗೆ ಒಂದೇ ಸಾಲು ಮಾಡಿಕೊಳ್ಳುವುದು.

೩. ವರ್ಡ್‌ನಲ್ಲಿ ಇಫ್. ಬ್ರೇಕ್ ಇಲ್ಲದಿದ್ದರೆ ಎ, ಇದ್ದರೆ ಬಿ.

೪. ಯಾರದಾದರೂ ಸಾಲು ಬಿಟ್ಟುಹೋಗಿದ್ದರೆ, ಯಾರನ್ನೂ ಕೇಳದೆ —