ಅಡುಗೆಮನೆ ಕಡೆಗೇ ಇಳಿಜಾರು

ಅಪ್ಪ,

ನೀವು ಹೋದಮೇಲೆ ಅಮ್ಮ ಅಡುಗೆಮನೆ ಬಿಟ್ಟು ಹೊರಗೆ ಬಂದು ಕೂತದ್ದೇ ಇಲ್ಲ. ಅವಳನ್ನು ಕೂರಿಸಬೇಕೆಂದೇ ನಮ್ಮ ಬೋಳು ಹಿತ್ತಲಿಗೆ ಬೆತ್ತದ ಕುರ್ಚಿ, ಹೂಕುಂಡ, ತೂಗುದೀಪ ತಂದೆ. ನೀವೇ ಸಿಮೆಂಟು ಹಾಕಿ, ನೀರೆಲ್ಲ ಚರಂಡಿ ಬಿಟ್ಟು ಅಡುಗೆಮನೆಗೆ ಹರಿಯುವಂತೆ ಮಾಡಿದ್ದಿರಲ್ಲ, ಆ ನೆಲ ನೋಡಲು ಕರೆಸಿದ ಗಾರೆಯವನು ನಕ್ಕ.

"ಒಡೆದು ಸರಿಮಾಡ್ಲಾ, ಅಮ್ಮಾ?"

ಇಷ್ಟು ವರ್ಷ ಅದಕ್ಕಾಗಿಯೇ ನಿಮ್ಮನ್ನು ಬೈದ ಅಮ್ಮ ಬಾಗಿಲಿಂದಲೇ, "ಬೇಡ, ಇರ್ಲಿ ಬಿಡಿ. ಬೈಯೋಕೆ ನಂಗೂ ಏನಾದ್ರೂ ಬೇಕಲ್ಲ" ಅಂದಳು.

ಇವತ್ತು ಸಂಜೆ ತಾನಾಗಿಯೇ ಬಂದು ಕೂತಳು. ನನ್ನ ಕೈ ತಾಗಿ ಚಹಾ ಚೆಲ್ಲಿ, ನೆಟ್ಟಗೆ ಅಡುಗೆಮನೆ ಹೊಸ್ತಿಲಿಗೆ ಓಡಿತು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೋಡಿದ್ರೇನ್ರೀ ನಿಮ್ಮ ಕೆಲಸಾನ?"

ಲೋಟದಲ್ಲಿ ಉಳಿದದ್ದನ್ನು ನಾನು ಬೇಕೆಂದೇ ಚೆಲ್ಲಿದೆ.