ತಣ್ಣಗಿರಲಿ ಎಂದು ಇಟ್ಟದ್ದು

ಮಾರ್ಚ್ 3, ಬೆಳಿಗ್ಗೆ 9
ಲ್ಯಾಬಿನ ಫ್ರಿಜ್ಜು ನಾಲ್ಕು ಡಿಗ್ರಿ. ಪುಸ್ತಕದಲ್ಲಿ ಬರೆದೆ. ಮತ್ತೆ ಹೋಗಿ ನೋಡಿದೆ. ನಾಲ್ಕೇ. ಮೂರನೇ ಸಲ ಹೋದಾಗ ಮೇಡಂ ನಕ್ಕರು. "ಅಕ್ಕಾ, ಬಾಗಿಲು ತೆಗೆದೂ ತೆಗೆದೂ ನೀವೇ ಬಿಸಿ ಮಾಡ್ತೀರ!"

ಒಳಗಿರುವ ಲಸಿಕೆ ಅವರ ಆರು ವರ್ಷದ ದುಡಿಮೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳು, ಅವುಗಳೊಳಗೆ ಮದ್ದು. "ಮೈಯೊಳಗೆ ಹೋಗೋವರೆಗೂ ಗುಳ್ಳೆ ಒಡೀಬಾರ್ದು, ಅಷ್ಟೇ" ಅಂತಾರೆ.

ನನ್ನ ಮಗಳನ್ನು ಕೊಂಡೊಯ್ದ ಜ್ವರಕ್ಕೇ ಇದು. ಅವರಿಗೆ ಹೇಳಿಲ್ಲ. ಹೇಳಹೊರಟಾಗಲೆಲ್ಲ ಫ್ರಿಜ್ಜು ನೋಡಲು ಹೋಗಿಬಿಡುತ್ತೇನೆ.

ಮಾರ್ಚ್ 8, ಭಾನುವಾರ
ಕರೆಂಟು ಹೋಗಿದೆ ಅಂತ ವಾಚ್‌ಮನ್ ಫೋನು. ಚಪ್ಪಲಿ ಬೇರೆ ಬೇರೆ ಜೋಡಿಯದು, ಹಾಗೇ ಓಡಿದೆ. ಫ್ರಿಜ್ಜು ಒಂಬತ್ತು! ಜನರೇಟರ್ ಇರೋದು ಫ್ರೀಜರ್‌ಗೆ ಮಾತ್ರ. ಸೀಸೆಗಳನ್ನೆಲ್ಲ ಅದರೊಳಗಿಟ್ಟು ಪಕ್ಕದಲ್ಲೇ ಕೂತೆ. ತಣ್ಣಗಿದ್ದಷ್ಟೂ ಒಳ್ಳೆಯದಲ್ಲವೇ.

ಸಂಜೆ ಕರೆಂಟು ಬಂತು. ಎಲ್ಲ ಮತ್ತೆ ಫ್ರಿಜ್ಜಿಗೆ. ಸುಮ್ಮನೆ ಮೇಡಂಗೆ ಗಾಬರಿ ಯಾಕೆ... ಪುಸ್ತಕದಲ್ಲಿ ನಾಲ್ಕು ಅಂತಲೇ ಬರೆದೆ.

ಮಾರ್ಚ್ 19
ಪರೀಕ್ಷೆ ಮಾಡಿದರೆ ಗುಳ್ಳೆಗಳೆಲ್ಲ ಒಡೆದಿವೆಯಂತೆ. ಮೇಡಂ ಊಟದ ಡಬ್ಬಿ ಮುಟ್ಟಲಿಲ್ಲ.

"ಬುಕ್ಕಲ್ಲಿ ಒಂದು ದಿನಾನೂ ತಪ್ಪಿಲ್ಲ, ಎಲ್ಲಾ ನಾಲ್ಕೇ. ಅಂದ್ರೆ ನನ್ನ ಗುಳ್ಳೇನೇ ಗಟ್ಟಿ ಇಲ್ಲ ಅಕ್ಕಾ."

ಸೀಸೆಯ ಮೇಲೆ ಇಂಗ್ಲಿಷಿನ ಕೆಂಪಕ್ಷರ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕನ್ನಡ ಬರುತ್ತದೆ, ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಓದಬಲ್ಲೆ. ತೊಳೆಯಲು ಬಂದ ಖಾಲಿ ಸೀಸೆಯೊಂದನ್ನು ವಾಚ್‌ಮನ್‌ಗೆ ತೋರಿಸಿದೆ.

"ಹೆಪ್ಪುಗಟ್ಟಿಸಬಾರದು, ಅಂದ್ರೆ ಫ್ರೀಜರಲ್ಲಿ ಇಡಬಾರ್ದು ಅಂತಿದೆ ಕಣಮ್ಮ. ಯಾಕೆ?"

"ಸುಮ್ನೆ."

ಮಾರ್ಚ್ 20
ಹೇಳಲಿಲ್ಲ. ಎರಡು ಸಲ ಮೇಡಂ ಕೋಣೆಯ ಬಾಗಿಲವರೆಗೆ ಹೋದೆ. "ಏನಕ್ಕಾ?" ಅಂದರು. "ಟೀ ತರಲಾ?" ಅಂದೆ.

ಮಾರ್ಚ್ 21
ಹೇಳಲಿಲ್ಲ.

ಏಪ್ರಿಲ್ 6, ಮಧ್ಯಾಹ್ನ 3:30
ಲಸಿಕೆಯ ಕೆಲಸವನ್ನೇ ಮೇಲಿನವರು ನಿಲ್ಲಿಸಿಬಿಟ್ಟರು. ಮೇಡಂ ನಾಲ್ಕಕ್ಕೆ ಹೊರಡುತ್ತಾರೆ, ಮತ್ತೆ ಬರುವುದಿಲ್ಲ. ರಟ್ಟಿನ ಡಬ್ಬಿಗೆ ನಾನೇ ಹಗ್ಗ ಕಟ್ಟಿಕೊಟ್ಟೆ. "ನನ್ನ ಕೈಗೆ ಆಗದ ಕೆಲಸ ಬಿಡಿ ಅಕ್ಕಾ. ಆರು ವರ್ಷ ಸುಮ್ನೆ ಕಳೆದೆ" ಅಂದರು. ನಗುತ್ತಲೇ ಅಂದರು.

ಒಳಗೆ ಬಂದು ಫ್ರಿಜ್ಜಿನ ಪುಸ್ತಕ ತೆಗೆದೆ. ಆ ಭಾನುವಾರದ ನಾಲ್ಕನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಬರೆದೆ: ಫ್ರೀಜರಲ್ಲಿ ಇಟ್ಟವಳು ನಾನು. ಗುಳ್ಳೆ ಗಟ್ಟಿಯಿತ್ತು. ಅಕ್ಷರ ಸೊಟ್ಟ, ಆದರೆ ಓದಬಹುದು.

ಕೆಲಸ ಹೋದರೆ ಹೋಗಲಿ. ಮೇಡಂಗೆ ಕೊಡಲು ಪುಸ್ತಕ ಕೈಯಲ್ಲೇ ಇದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರೆ... ಮಗಳಿಗೆ ಮೈ ಸುಡುತ್ತಿದ್ದಾಗಲೂ ಇವತ್ತು ಇಳಿಯುತ್ತೆ, ನಾಳೆ ಇಳಿಯುತ್ತೆ ಅಂತ ನಾನು—

ಹೊರಗೆ ಕಾರಿನ ಬಾಗಿಲ ಸದ್ದು. ಓಡಬೇಕು