ಭಂಡಾರದ ಆಣೆ

ರಾಯಬಾಗ, ೧೪ ಮಾರ್ಚ್ ೧೯೯೧, ಗುರುವಾರ

ತಮ್ಮ ಭರಮು ಹೋಗಿ ಇಂದಿಗೆ ಹನ್ನೊಂದು ದಿನ. ಡಾಕ್ಟರ ಮಾತು ಇನ್ನೂ ಕಿವಿಯಲ್ಲೇ ಇದೆ. "ವರ್ಷಗಟ್ಟಲೆ ದಿನಾ ಕುಡದಾವ್ರು ಒಮ್ಮೆಲೇ ಬಿಟ್ರ ಜೀವಕ್ಕ ಅಪಾಯ ಇರ್ತೈತ್ರಿ. ದವಾಖಾನ್ಯಾಗ ಇಟ್ಕೊಂಡ, ಔಷಧ ಕೊಟ್ಟ ಬಿಡಸಬೇಕು. ಸಾಲಿ ಕಲಸಾವ್ರು ನೀವು, ನಿಮಗೂ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ಕುಡಿದರೆ ಸಾಯುತ್ತಾರೆ ಎಂದಷ್ಟೇ ಗೊತ್ತಿತ್ತು. ಚಿಂಚಲಿಗೆ ಕರೆದೊಯ್ದು, ಮಾಯವ್ವ ದೇವಿಯ ಗುಡಿಯಲ್ಲಿ ಭಂಡಾರದ ಅರಿಶಿನ ಮುಟ್ಟಿಸಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿಸಿದವಳು ನಾನೇ. ಹಣೆಯ ತುಂಬ ಅದನ್ನೇ ಬಳಿದುಕೊಂಡು ನಕ್ಕಿದ್ದ. ಆಣೆ ಮುರಿಯಲೂ ಇಲ್ಲ.

ಕುಡಿತ ಬಿಟ್ಟ ಮೂರನೆಯ ದಿನ ಬೆಳಿಗ್ಗೆ ಮೈಯೆಲ್ಲ ನಡುಕ, ಬೆವರು. ಇಲ್ಲದ ಇರುವೆಗಳನ್ನು ಹಾಸಿಗೆಯಿಂದ ಕೊಡವುತ್ತಿದ್ದ. ಅವ್ವ ಕೈಮುಗಿದಳು: "ಮಾಯವ್ವ ಮೈಮ್ಯಾಲ ಬಂದಾಳ!" ಓಣಿಯ ಹೆಂಗಸರು ಬಂದು ಅವನ ಕಾಲಿಗೆ ನೀರು ಹಾಕಿದರು, ಕಾಯಿ ಒಡೆದರು, ತನ್ನ ಮಗಳ ಮದುವೆ ಯಾವಾಗ ಎಂದು ಒಬ್ಬಳು ಅವನನ್ನೇ ಕೇಳಿದಳು. ನಾನೂ ಅಡ್ಡಬಿದ್ದೆ.

ನಡುವೆ ಒಮ್ಮೆ ನನ್ನ ಕೈ ಹಿಡಿದ. "ಅಕ್ಕಾ, ಹೆದರಿಕಿ ಆಗಾಕತ್ತೈತಿ. ದವಾಖಾನಿಗೆ ಕರಕೊಂಡ ಹೋಗ."

"ಶಾಂತ ಆಗ ತಾಯಿ, ತಪ್ಪಾತು," ಎಂದು ಭಂಡಾರ ಹಚ್ಚಿದೆ.

ಮಧ್ಯಾಹ್ನ ಫಿಟ್ಸ್ ಬಂತು. ಆಮೇಲೆ ಜೀಪು ಹುಡುಕಿದೆವು. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದೇವಿಯೇ ಕರೆದುಕೊಂಡಳು ಎಂದು ಅವ್ವ ಈಗಲೂ ಎಲ್ಲರಿಗೂ ಹೇಳುತ್ತಾಳೆ. ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಿಲ್ಲ.

ದೇವಿಯಾಗಿದ್ದರೆ ನನ್ನನ್ನು ಅಕ್ಕಾ ಎಂದು ಏಕೆ ಕರೆಯುತ್ತಿದ್ದಳು? ಅಷ್ಟೂ ಹೊಳೆಯಲಿಲ್ಲ ನನಗೆ.